ಹಳೆ ಫೋನಿನಲ್ಲಿ ವೆಬ್‌ಸೈಟ್ ತೆರೆದರೆ ಬರೀ ಬಿಳಿ ಪರದೆ: ವೈರಸ್ಸಾ, ಕಂಪನಿಯ ಕುತಂತ್ರವಾ?

ಫೋನ್ ಚೆನ್ನಾಗಿಯೇ ಇದೆ. ಕರೆ ಬರುತ್ತದೆ, ಫೋಟೋ ತೆಗೆಯುತ್ತದೆ, ನೆಟ್ ಕೂಡ ಇದೆ. ಆದರೆ ಯಾವುದೋ ಒಂದು ವೆಬ್‌ಸೈಟ್ ತೆರೆದರೆ ಮಾತ್ರ ಬಿಳಿ ಪರದೆ. ಕಾದರೂ ಇಲ್ಲ, ಮತ್ತೆ ತೆರೆದರೂ ಇಲ್ಲ. ಪಕ್ಕದವರ ಹೊಸ ಫೋನಿನಲ್ಲಿ ಅದೇ ಲಿಂಕ್ ಒತ್ತಿದರೆ ಪುಟ ಸಲೀಸಾಗಿ ತೆರೆದುಕೊಳ್ಳುತ್ತದೆ.

ಇಂಥ ಹೊತ್ತಿನಲ್ಲಿ ನಮಗೆ ಸಿಗುವ ಸಲಹೆಗಳು ಮುಖ್ಯವಾಗಿ ಮೂರು. ಒಂದು, "ಫೋನಿಗೆ ವೈರಸ್ ಹೊಕ್ಕಿದೆ, ಎಲ್ಲ ಅಳಿಸಿ ರೀಸೆಟ್ ಮಾಡಿ." ಎರಡು, "ಹೊಸ ಫೋನ್ ಕೊಳ್ಳಲಿ ಅಂತ ಕಂಪನಿಯವರೇ ಹಳೆ ಫೋನನ್ನು ಕೆಡಿಸುತ್ತಾರೆ." ಮೂರು, "ಈ ಲಿಂಕ್ ಒತ್ತಿ ಹೊಸ ಬ್ರೌಸರ್ ಹಾಕಿಕೊಳ್ಳಿ, ಸರಿ ಹೋಗುತ್ತೆ." ಮೊದಲ ಎರಡು ಹೆಚ್ಚಿನ ಸಲ ತಪ್ಪು. ಮೂರನೆಯದು ತಪ್ಪು ಮಾತ್ರವಲ್ಲ, ಅಪಾಯ ಕೂಡ.

ಹಾಗಾದರೆ ಬಿಳಿ ಪರದೆಗೆ ಕಾರಣವೇನು? ಹಲವು ಸಲ ಕಾರಣ ಒಂದೇ ಒಂದು ಗುರುತು. ಆ ಪುಟವನ್ನು ಬರೆದವರು ಬಳಸಿದ ಒಂದು ಹೊಸ ಚಿಹ್ನೆಯನ್ನು ನಿಮ್ಮ ಫೋನಿನ ಬ್ರೌಸರ್ ಎಂದೂ ಕಲಿತಿಲ್ಲ. ಇದು ಹೇಗೆ ಆಗುತ್ತದೆ, ಇದಕ್ಕೆ ಯಾರು ಹೊಣೆ, ನಾವೇನು ಮಾಡಬಹುದು ಎಂಬುದನ್ನು ನೋಡೋಣ.

ನಾವು ಕಂಡ ಒಂದು ಪ್ರಕರಣ

ಕೆಲವು ವರ್ಷಗಳ ಹಿಂದೆ ನಮ್ಮ ತಂಡದ ಒಬ್ಬರ ತಾಯಿಗೆ ಒಂದು ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕಿತ್ತು. ಅವರದು ಆಂಡ್ರಾಯ್ಡ್ 4.4 ಇದ್ದ ಹಳೆಯ ಫೋನ್. ಪುಟ ಬೆಳ್ಳಗೆ ನಿಂತುಬಿಟ್ಟಿತು. ಎರಡು ದಿನ ನೆಟ್‌ವರ್ಕ್ ದೂರಿದರು, ಮೂರನೆಯ ದಿನ ಸೈಬರ್ ಸೆಂಟರಿಗೆ ಹೋಗಿ ದುಡ್ಡು ಕೊಟ್ಟು ತುಂಬಿಸಿ ಬಂದರು.

ಆಮೇಲೆ ನಾವು ಆ ಫೋನನ್ನು ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಬ್ರೌಸರ್ ಒಳಗೊಳಗೇ ಏನು ಹೇಳುತ್ತಿದೆ ಎಂದು ನೋಡಿದೆವು. ಅಲ್ಲಿ ಕೆಂಪಕ್ಷರದಲ್ಲಿ ಇದ್ದದ್ದು ಒಂದೇ ಸಾಲು: 'ಅನ್‌ಎಕ್ಸ್‌ಪೆಕ್ಟೆಡ್ ಟೋಕನ್', ಅಂದರೆ "ಇಲ್ಲಿ ಬರಬಾರದ ಗುರುತು ಬಂದಿದೆ." ಆ ಗುರುತು ಯಾವುದು? ಎರಡು ಪ್ರಶ್ನಾರ್ಥಕ ಚಿಹ್ನೆಗಳ ಪಕ್ಕದಲ್ಲಿ ಬಂದ ಒಂದು ಸಮ ಚಿಹ್ನೆ: ??=

ಆಂಡ್ರಾಯ್ಡ್ 4.4ಕ್ಕೆ ಸಿಕ್ಕ ಕೊನೆಯ ಕ್ರೋಮ್ ಆವೃತ್ತಿ 81. ಅದು ಬಂದದ್ದು 2020ರ ಏಪ್ರಿಲ್‌ನಲ್ಲಿ. ಮೂರು ಚಿಹ್ನೆಗಳ ಈ ಹೊಸ ಜೋಡಣೆಯನ್ನು ಕ್ರೋಮ್ ಕಲಿತದ್ದು ಆವೃತ್ತಿ 85ರಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ. ನಾಲ್ಕು ತಿಂಗಳ ಅಂತರ. ಅರ್ಜಿಯ ಪುಟ ಆ ಅಂತರದಲ್ಲಿ ಬಿದ್ದುಹೋಗಿತ್ತು. ಫೋನಿನಲ್ಲಿ ವೈರಸ್ ಇರಲಿಲ್ಲ, ನೆಟ್ ಕೂಡ ಚೆನ್ನಾಗಿಯೇ ಇತ್ತು.

ಬ್ರೌಸರ್ ಒಳಗೆ ಕೂತಿರುವ ಓದುಗ

ವೆಬ್‌ಸೈಟಿನ ಪುಟ ಮೂರು ಭಾಷೆಗಳಲ್ಲಿ ಬರುತ್ತದೆ. ಎಚ್‌ಟಿಎಂಎಲ್ ಪುಟದಲ್ಲಿ ಏನೇನಿದೆ ಎಂದು ಹೇಳುತ್ತದೆ. ಸಿಎಸ್‌ಎಸ್ ಅದು ಹೇಗೆ ಕಾಣಬೇಕು ಎಂದು ಹೇಳುತ್ತದೆ. ಜಾವಾಸ್ಕ್ರಿಪ್ಟ್ ಅದು ಹೇಗೆ ನಡೆದುಕೊಳ್ಳಬೇಕು ಎಂದು ಹೇಳುತ್ತದೆ: ಗುಂಡಿ ಒತ್ತಿದರೆ ಏನಾಗಬೇಕು, ಜಿಲ್ಲೆ ಆರಿಸಿದರೆ ತಾಲ್ಲೂಕುಗಳ ಪಟ್ಟಿ ಹೇಗೆ ಬರಬೇಕು ಇತ್ಯಾದಿ.

ಜಾವಾಸ್ಕ್ರಿಪ್ಟ್ ಫೈಲು ಫೋನಿಗೆ ಬಂದು ತಲುಪಿದಾಗ ಅದು ಬರೀ ಅಕ್ಷರಗಳ ಸಾಲು. ಅದನ್ನು ನಡೆಸುವ ಮೊದಲು ಯಾರಾದರೂ ಓದಿ ಅರ್ಥ ಮಾಡಿಕೊಳ್ಳಬೇಕಲ್ಲ? ಆ ಕೆಲಸ ಮಾಡುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ಶಾಲೆಯಲ್ಲಿ ಹಳೆಗನ್ನಡ ಪದ್ಯ ಕೊಟ್ಟು "ಪದ ಬಿಡಿಸಿ, ಅನ್ವಯ ಬರೆಯಿರಿ" ಎನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಮೊದಲು ಸಾಲನ್ನು ಬಿಡಿ ಬಿಡಿ ಪದಗಳಾಗಿ ಕತ್ತರಿಸುವುದು, ಆಮೇಲೆ ಯಾವ ಪದ ಯಾವುದಕ್ಕೆ ಸೇರುತ್ತದೆ ಎಂದು ಜೋಡಿಸುವುದು. ಜೋಡಿಸಿದ ಮೇಲೆ ಸಿಗುವುದು ವಂಶವೃಕ್ಷದಂಥ ಒಂದು ರಚನೆ. ಬ್ರೌಸರ್ ಮುಂದಿನ ಕೆಲಸವನ್ನೆಲ್ಲ ಆ ರಚನೆಯ ಮೇಲೆ ಮಾಡುತ್ತದೆ.

ಮುಖ್ಯ ಸಂಗತಿ ಇರುವುದು ಇಲ್ಲಿ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಓದುವ ಪಾರ್ಸರ್‌ಗಳು ಉದಾರಿಗಳು. ಗೊತ್ತಿಲ್ಲದ್ದು ಎದುರಾದರೆ ಅದನ್ನು ಬಿಟ್ಟು ಮುಂದೆ ಹೋಗುತ್ತವೆ. ಹೊಸ ಎಮೋಜಿಯನ್ನು ಹಳೆ ಫೋನಿಗೆ ಕಳಿಸಿದರೆ ಅಲ್ಲಿ ಒಂದು ಖಾಲಿ ಚೌಕ ಕಾಣುತ್ತದೆ, ಮೆಸೇಜಿನ ಉಳಿದ ಮಾತೆಲ್ಲ ಓದಲು ಸಿಗುತ್ತದೆ. ಅದೇ ರೀತಿ.

ಜಾವಾಸ್ಕ್ರಿಪ್ಟ್ ಪಾರ್ಸರ್ ಹಾಗಲ್ಲ. ಹತ್ತು ಸಾವಿರ ಸಾಲಿನ ಫೈಲಿನಲ್ಲಿ ಒಂಬತ್ತು ಸಾವಿರದ ಸಾಲಿನಲ್ಲಿ ಒಂದು ಗೊತ್ತಿಲ್ಲದ ಗುರುತು ಸಿಕ್ಕರೆ, ಇಡೀ ಫೈಲನ್ನು ತಿರಸ್ಕರಿಸುತ್ತದೆ. ಮೊದಲ ಸಾಲು ಕೂಡ ನಡೆಯುವುದಿಲ್ಲ. ಇದಕ್ಕೆ ಕಾರಣವೂ ಇದೆ. ಇದು ಆಜ್ಞೆಗಳ ಪಟ್ಟಿ. ಅರ್ಧ ಅರ್ಥವಾದ ಆಜ್ಞೆಯನ್ನು ಪಾಲಿಸಿದರೆ ಹಣ ಎರಡು ಸಲ ಕಡಿತವಾಗಬಹುದು, ತಪ್ಪು ಅರ್ಜಿ ಹೋಗಬಹುದು. ಅದಕ್ಕಿಂತ ನಿಲ್ಲುವುದೇ ವಾಸಿ ಎಂಬ ಲೆಕ್ಕಾಚಾರ.

ಇಂದಿನ ಬಹಳಷ್ಟು ವೆಬ್‌ಸೈಟುಗಳಲ್ಲಿ ಪುಟವನ್ನು ಬಿಡಿಸುವುದೇ ಜಾವಾಸ್ಕ್ರಿಪ್ಟ್. ಕಳಿಸುವ ಎಚ್‌ಟಿಎಂಎಲ್ ಬಹುತೇಕ ಖಾಲಿ ಹಾಳೆ. ಹಾಗಾಗಿ ಆ ಒಂದು ಫೈಲು ತಿರಸ್ಕಾರವಾದರೆ ಉಳಿಯುವುದು ಖಾಲಿ ಹಾಳೆ ಮಾತ್ರ. ನಿಮಗೆ ಕಂಡ ಬಿಳಿ ಪರದೆ ಅದೇ.

ಪ್ರತಿ ವರ್ಷ ಬದಲಾಗುವ ವ್ಯಾಕರಣ

ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. (ಹೆಸರಿನಲ್ಲಿ ಜಾವಾ ಇದ್ದರೂ ಜಾವಾ ಎಂಬ ಭಾಷೆಯೇ ಬೇರೆ, ಇದೇ ಬೇರೆ.) ಬೇರೆ ಬೇರೆ ಬ್ರೌಸರ್‌ಗಳು ಬೇರೆ ಬೇರೆ ರೀತಿ ಓದಬಾರದೆಂದು 1997ರಲ್ಲಿ ಎಕ್ಮಾ ಎಂಬ ಸಂಸ್ಥೆ ಇದರ ವ್ಯಾಕರಣವನ್ನು ಅಧಿಕೃತವಾಗಿ ಪ್ರಕಟಿಸಿತು.

ಮೂರನೆಯ ಆವೃತ್ತಿ 1999ರಲ್ಲಿ ಬಂತು. ನಾಲ್ಕನೆಯದು ಭಿನ್ನಾಭಿಪ್ರಾಯದಲ್ಲಿ ಸಿಕ್ಕಿ 2008ರಲ್ಲಿ ಕೈಬಿಟ್ಟುಹೋಯಿತು. ಐದನೆಯದು 2009ರಲ್ಲಿ ಬಂತು. ದೊಡ್ಡ ಬದಲಾವಣೆ ಆದದ್ದು 2015ರ ಆರನೆಯ ಆವೃತ್ತಿಯಲ್ಲಿ. ಅಲ್ಲಿಂದ ಮುಂದೆ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತಿದೆ. ನಾವು ಮೇಲೆ ಹೇಳಿದ ??= ಎಂಬುದು 2021ರ ಆವೃತ್ತಿಗೆ ಸೇರಿದ್ದು.

ಈ ವ್ಯಾಕರಣ ಬರೆಯುವವರು ಒಂದು ನಿಯಮವನ್ನು ಬಹಳ ಬಿಗಿಯಾಗಿ ಪಾಲಿಸುತ್ತಾರೆ: ಹಳೆಯ ವೆಬ್‌ಸೈಟು ಕೆಡಬಾರದು. 2018ರಲ್ಲಿ ಪಟ್ಟಿಗಳನ್ನು ಬಿಚ್ಚಿ ಹರಡುವ ಒಂದು ಹೊಸ ಸೌಲಭ್ಯಕ್ಕೆ 'ಫ್ಲಾಟನ್' ಎಂದು ಹೆಸರಿಡಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಕೋಡ್ ಸಂಗ್ರಹ ಬಳಸಿದ್ದ ವೆಬ್‌ಸೈಟುಗಳು ಅದರಿಂದ ಕೆಡುತ್ತವೆ ಎಂದು ಗೊತ್ತಾಯಿತು. ಕೊನೆಗೆ ಹೆಸರನ್ನೇ 'ಫ್ಲಾಟ್' ಎಂದು ಬದಲಿಸಿದರು.

ಅಂದರೆ ಹೊಸ ಬ್ರೌಸರ್ ಹಳೆಯ ಕೋಡನ್ನು ಓದುತ್ತದೆ ಎಂಬ ಭರವಸೆ ಇದೆ. ಹಳೆಯ ಬ್ರೌಸರ್ ಹೊಸ ಕೋಡನ್ನು ಓದುತ್ತದೆ ಎಂಬ ಭರವಸೆ ಇಲ್ಲ. ಮುಂದೆ ಬರುವುದನ್ನು ಯಾರು ತಾನೇ ಇಂದೇ ಕಲಿಯಲು ಸಾಧ್ಯ? ಅದೂ ಅಲ್ಲದೆ, ಜಾವಾಸ್ಕ್ರಿಪ್ಟ್ ಫೈಲಿನ ತಲೆಯ ಮೇಲೆ "ಇದು ಇಂಥ ವರ್ಷದ ವ್ಯಾಕರಣ" ಎಂದು ಬರೆದಿರುವುದಿಲ್ಲ. ಓದುತ್ತ ಹೋಗಿ ಎಡವಿದಾಗಲೇ ಗೊತ್ತಾಗುವುದು.

ಯಾವ ಫೋನು ಎಲ್ಲಿ ನಿಂತಿದೆ?

ಆಂಡ್ರಾಯ್ಡ್ ಫೋನುಗಳಲ್ಲಿ ಬ್ರೌಸರನ್ನು ಪ್ಲೇ ಸ್ಟೋರ್ ಮೂಲಕ ಪ್ರತ್ಯೇಕವಾಗಿ ಹೊಸದು ಮಾಡಿಕೊಳ್ಳಬಹುದು. ಆಂಡ್ರಾಯ್ಡ್ 5ರಿಂದ ಈಚೆಗೆ, ಬೇರೆ ಆ್ಯಪ್‌ಗಳ ಒಳಗೆ ಪುಟ ತೆರೆಯುವ 'ವೆಬ್‌ವ್ಯೂ' ಕೂಡ ಹೀಗೆಯೇ ಹೊಸದಾಗುತ್ತದೆ. ಆದರೆ ಇದಕ್ಕೂ ಒಂದು ಕೊನೆ ಇದೆ. ಆಂಡ್ರಾಯ್ಡಿನ ಒಂದೊಂದೇ ಹಳೆ ಆವೃತ್ತಿಗೆ ಹೊಸ ಕ್ರೋಮ್ ಕೊಡುವುದನ್ನು ಗೂಗಲ್ ನಿಲ್ಲಿಸುತ್ತ ಬಂದಿದೆ.

ಐಫೋನಿನ ಕಥೆ ಬೇರೆ. ಅಲ್ಲಿ ಬ್ರೌಸರಿನ ಎಂಜಿನ್ ಐಓಎಸ್ ಜೊತೆಗೇ ಬರುತ್ತದೆ. 2016ರಲ್ಲಿ ಬಂದ ಐಫೋನ್ 7 ಐಓಎಸ್ 15ರ ಆಚೆಗೆ ಹೋಗುವುದಿಲ್ಲ. ಪಠ್ಯದಲ್ಲಿ ಹಿಂದಕ್ಕೆ ನೋಡಿ ಹುಡುಕುವ 'ಲುಕ್‌ಬಿಹೈಂಡ್' ಎಂಬ ಬರವಣಿಗೆಯನ್ನು ಕ್ರೋಮ್ 2017ರಲ್ಲೇ ಕಲಿತಿತ್ತು. ಸಫಾರಿ ಕಲಿತದ್ದು 2023ರ ಮಾರ್ಚ್‌ನಲ್ಲಿ, ಆವೃತ್ತಿ 16.4ರಲ್ಲಿ. ಐಫೋನ್ 7ಕ್ಕೆ ಅದು ಸಿಗಲೇ ಇಲ್ಲ. "ಸಫಾರಿ ಬೇಡ, ಕ್ರೋಮ್ ಹಾಕಿಕೊಳ್ಳಿ" ಎಂಬ ಸಲಹೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆ ಫೋನಿನಲ್ಲಿ ಕ್ರೋಮ್ ಎಂಬ ಹೆಸರಿನೊಳಗೂ ಆಪಲ್‌ನದೇ ಎಂಜಿನ್ ಇರುತ್ತದೆ.

ನಮ್ಮ ಊರುಗಳಲ್ಲಿ ಬಹಳ ಓಡಾಡಿದ ಇನ್ನೊಂದು ಫೋನನ್ನೂ ನೋಡಿ. 2017ರಲ್ಲಿ ಬಂದ ಜಿಯೋಫೋನ್ ಕೈಓಎಸ್ ಮೇಲೆ ನಡೆಯುತ್ತದೆ. ಕೈಓಎಸ್ 2.5ರ ಒಳಗಿರುವುದು 2016ರ ಫೈರ್‌ಫಾಕ್ಸ್ 48ರ ಎಂಜಿನ್. 2017ರ ವ್ಯಾಕರಣದಲ್ಲಿ ಬಂದ, ಈಗ ಎಲ್ಲರೂ ದಿನವೂ ಬರೆಯುವ 'ಅಸಿಂಕ್' ಎಂಬ ಪದ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಇಂದಿನ ಕೋಡನ್ನು ಹಾಗೆಯೇ ಕಳಿಸುವ ಯಾವ ವೆಬ್‌ಸೈಟೂ ಆ ಫೋನಿನಲ್ಲಿ ನಡೆಯುವುದು ಕಷ್ಟ.

ಅಂದ ಮೇಲೆ ದಾರಿಯೇ ಇಲ್ಲವೇ?

ಇದೆ. ಆದರೆ ಅದು ವೆಬ್‌ಸೈಟ್ ಕಟ್ಟುವವರ ಕೈಯಲ್ಲಿದೆ.

ಡೆವಲಪರ್ ಹೊಸ ವ್ಯಾಕರಣದಲ್ಲಿ ಬರೆದದ್ದನ್ನು ಹಳೆಯ ವ್ಯಾಕರಣಕ್ಕೆ ತಿರುಗಿಸುವ ಉಪಕರಣಗಳಿವೆ. ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಬೇಬಲ್. 2014ರಲ್ಲಿ ಸೆಬಾಸ್ಟಿಯನ್ ಮೆಕೆಂಜಿ ಶುರುಮಾಡಿದಾಗ ಇದರ ಹೆಸರು 'ಸಿಕ್ಸ್ ಟು ಫೈವ್' ಎಂದಿತ್ತು. ಆರನೆಯ ಆವೃತ್ತಿಯ ಕೋಡನ್ನು ಐದನೆಯದಕ್ಕೆ ಇಳಿಸುವ ಕೆಲಸ ಎಂಬುದು ಹೆಸರಿನಲ್ಲೇ ಇತ್ತು. ??= ಎಂಬುದನ್ನು ಇದು "ಈ ಜಾಗ ಖಾಲಿ ಇದ್ದರೆ ಇದನ್ನು ತುಂಬು" ಎಂದು ಹಳೆಯ ಪದಗಳಲ್ಲೇ ಬಿಡಿಸಿ ಬರೆಯುತ್ತದೆ. ಹಳೆ ಫೋನಿಗೆ ಅದು ಅರ್ಥವಾಗುತ್ತದೆ.

ಹೀಗೆ ತಿರುಗಿಸುವ ಉಪಕರಣಕ್ಕೂ ಮೊದಲು ಕೋಡನ್ನು ಓದಬೇಕು. ಅಂದರೆ ಅದರೊಳಗೂ ಒಂದು ಪಾರ್ಸರ್ ಬೇಕು. ಇವು ಹಲವಿವೆ. ಆರಿಯಾ ಹಿದಾಯತ್ ಬರೆದ ಎಸ್‌ಪ್ರಿಮಾ ಒಂದು ಕಾಲಕ್ಕೆ ಎಲ್ಲರ ಕೈಯಲ್ಲಿತ್ತು. 2012ರಲ್ಲಿ ಮರೈನ್ ಹಾವರ್‌ಬೆಕೆ ಅಕಾರ್ನ್ ಎಂಬ ಚಿಕ್ಕ, ಚುರುಕಾದ ಪಾರ್ಸರ್ ತಂದರು. ಬೇಬಲ್‌ನ ಪಾರ್ಸರ್ ಹುಟ್ಟಿದ್ದು ಇದರ ಕವಲಾಗಿಯೇ.

ಇವುಗಳಲ್ಲಿ ಆರಿಸುವವರು ವೇಗ ಒಂದನ್ನೇ ನೋಡಿದರೆ ಸಾಲದು, ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಮೊದಲನೆಯದು, ಈ ಪಾರ್ಸರ್ ವರ್ಷ ವರ್ಷ ಬರುವ ವ್ಯಾಕರಣದ ಜೊತೆ ನಡೆಯುತ್ತಿದೆಯೇ? ಎಸ್‌ಪ್ರಿಮಾದ ಕೊನೆಯ ಬಿಡುಗಡೆ ಆದದ್ದು 2018ರಲ್ಲಿ. ಅದರ ತಿಳಿವಳಿಕೆ 2017ರ ವ್ಯಾಕರಣಕ್ಕೆ ನಿಂತಿದೆ. ಇಂದಿನ ಕೋಡ್ ಕೊಟ್ಟರೆ ಅದು ಹಳೆ ಫೋನಿನಂತೆಯೇ ಎಡವುತ್ತದೆ. ಎರಡನೆಯದು, "ಇಂಥ ವರ್ಷದ ವ್ಯಾಕರಣಕ್ಕಿಂತ ಹೊಸದು ಕಂಡರೆ ತಪ್ಪು ಎನ್ನು" ಎಂದು ಅದಕ್ಕೆ ಹೇಳಬಹುದೇ? ಅಕಾರ್ನ್‌ಗೆ ಹೇಳಬಹುದು. 2020ರಲ್ಲಿ ಬಂದ ಎಂಟನೆಯ ಆವೃತ್ತಿಯಿಂದಂತೂ ಯಾವ ವರ್ಷದ ವ್ಯಾಕರಣ ಎಂದು ಬಳಸುವವರೇ ಸ್ಪಷ್ಟವಾಗಿ ಹೇಳಬೇಕೆಂದು ಅದು ಕೇಳುತ್ತದೆ.

ಈ ಎರಡನೆಯ ಪ್ರಶ್ನೆಯಲ್ಲಿ ನಮ್ಮ ಬಿಳಿ ಪರದೆಗೆ ಮದ್ದಿದೆ. "ನಾವು ಹಳೆ ಫೋನುಗಳಿಗೂ ಕೊಡುತ್ತೇವೆ" ಎಂದು ನಂಬಿರುವ ತಂಡಗಳು ಕೂಡ ಇಲ್ಲಿ ಎಡವುವುದುಂಟು. ತಾವು ಬರೆದ ಕೋಡನ್ನು ಹಳೆಯದಕ್ಕೆ ತಿರುಗಿಸುತ್ತಾರೆ. ಆದರೆ ಬೇರೆಯವರಿಂದ ತಂದು ಸೇರಿಸಿದ ಸಿದ್ಧ ಕೋಡನ್ನು ತಿರುಗಿಸದೆ ಹಾಗೇ ಬಿಡುತ್ತಾರೆ. ಆ ಎರವಲು ಕೋಡಿನ ಹೊಸ ಆವೃತ್ತಿಯಲ್ಲಿ ಒಂದು ಹೊಸ ಚಿಹ್ನೆ ಇದ್ದರೆ ಮುಗಿಯಿತು. ತಂಡದವರ ಹೊಸ ಫೋನುಗಳಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಜನರಿಗೆ ಕಳಿಸುವ ಕೊನೆಯ ಫೈಲನ್ನು ಒಮ್ಮೆ ಅಕಾರ್ನ್‌ಗೆ ಕೊಟ್ಟು, "2015ರ ವ್ಯಾಕರಣದ ಪ್ರಕಾರ ಓದು" ಎಂದರೆ ತಪ್ಪು ತಕ್ಷಣ ಸಿಗುತ್ತದೆ. ಯಾವ ಹಳೆ ಫೋನೂ ಬೇಕಿಲ್ಲ.

ಎಲ್ಲರಿಗೂ ಹಳೆಯದನ್ನೇ ಕಳಿಸಬಹುದಲ್ಲ?

ಈ ಪ್ರಶ್ನೆ ಸಹಜ. ಹಾಗೆ ಮಾಡಿದರೆ ಬೇರೆ ನಷ್ಟವಿದೆ. ಬಿಡಿಸಿ ಬರೆದ ಕೋಡ್ ಉದ್ದವಾಗುತ್ತದೆ. ಫೈಲು ದೊಡ್ಡದಾದಷ್ಟೂ ಡೇಟಾ ಹೆಚ್ಚು ಖರ್ಚು, ಕಡಿಮೆ ಬೆಲೆಯ ಫೋನಿನಲ್ಲಿ ಪುಟ ನಿಧಾನ.

ಅದಕ್ಕಾಗಿ ಎರಡು ಫೈಲು ಇಡುವ ಪದ್ಧತಿ ಇದೆ. ಹೊಸದನ್ನು 'ಮಾಡ್ಯೂಲ್' ಎಂಬ ಗುರುತಿನಲ್ಲಿ, ಹಳೆಯದನ್ನು 'ನೋಮಾಡ್ಯೂಲ್' ಎಂಬ ಗುರುತಿನಲ್ಲಿ ಇಡುತ್ತಾರೆ. ಬಹಳ ಹಳೆಯ ಬ್ರೌಸರ್ ಮೊದಲನೆಯದನ್ನು ಗುರುತಿಸದೆ ಬಿಡುತ್ತದೆ, ಹೊಸದು ಎರಡನೆಯದನ್ನು ಬಿಡುತ್ತದೆ. ಇದು ಪೂರ್ಣ ಪರಿಹಾರವಲ್ಲ. ನಡುವಿನ ವಯಸ್ಸಿನ ಬ್ರೌಸರ್‌ಗಳು ಮೊದಲನೆಯದನ್ನೇ ಓದಲು ಹೋಗುತ್ತವೆ. ನಾವು ಹೇಳಿದ ಕ್ರೋಮ್ 81 ಅಂಥದ್ದೇ.

ಯಾವ ಬ್ರೌಸರ್‌ವರೆಗೆ ಹಿಂದಕ್ಕೆ ಹೋಗಬೇಕು ಎಂಬುದನ್ನು ಡೆವಲಪರ್‌ಗಳು ಒಂದು ಚಿಕ್ಕ ಪಟ್ಟಿಯಲ್ಲಿ ಬರೆದಿಡುತ್ತಾರೆ. ಬಹಳ ಜನ ಬಳಸುವ ಬ್ರೌಸರ್ಸ್‌ಲಿಸ್ಟ್ ಎಂಬ ಉಪಕರಣದ ಪೂರ್ವನಿಗದಿ ಸೂತ್ರದಲ್ಲಿ "ಜಗತ್ತಿನಲ್ಲಿ ಶೇಕಡಾ 0.5ಕ್ಕಿಂತ ಹೆಚ್ಚು ಬಳಕೆ ಇರುವವು, ಪ್ರತಿ ಬ್ರೌಸರಿನ ಕೊನೆಯ ಎರಡು ಆವೃತ್ತಿಗಳು, ಸತ್ತಿಲ್ಲದವು" ಎಂಬಂಥ ಮಾತುಗಳಿವೆ. ಸತ್ತದ್ದು ಎಂದರೆ 24 ತಿಂಗಳಿಂದ ಅಧಿಕೃತ ಬೆಂಬಲವಾಗಲಿ ಅಪ್‌ಡೇಟ್ ಆಗಲಿ ಇಲ್ಲದ್ದು.

ಒಂದು ಆಟದ ವೆಬ್‌ಸೈಟಿಗೆ ಈ ಸೂತ್ರ ಸಾಕಾಗಬಹುದು. ಆದರೆ ಒಂದು ಕೋಟಿ ಜನ ಬಳಸಲೇಬೇಕಾದ ಸೇವೆಯಲ್ಲಿ ಶೇಕಡಾ ಅರ್ಧ ಎಂದರೆ 50,000 ಜನ. ಅವರು ಯಾರಿರಬಹುದು ಎಂದು ಊಹಿಸುವುದು ಕಷ್ಟವೇನಲ್ಲ. ಮಕ್ಕಳು ಬಳಸಿಬಿಟ್ಟ ಫೋನನ್ನು ಇಟ್ಟುಕೊಂಡಿರುವ ಹಿರಿಯರು, ಒಂದೇ ಫೋನಿನಲ್ಲಿ ಮನೆ ಮಂದಿಯೆಲ್ಲ ಕೆಲಸ ನಡೆಸುವವರು. ಪಿಂಚಣಿ, ವಿದ್ಯಾರ್ಥಿವೇತನ, ಪರೀಕ್ಷಾ ಫಲಿತಾಂಶ ಬೇಕಿರುವುದೂ ಅವರಿಗೇ. ಆ ಪಟ್ಟಿಯಲ್ಲಿ ಒಂದು ಸಾಲು ಬದಲಿಸಿದವರಿಗೆ ಇವರ ಮುಖ ಕಾಣುವುದಿಲ್ಲ. ಇವರಿಗೂ ತಾವು ಏಕೆ ಹೊರಗುಳಿದೆವು ಎಂದು ಗೊತ್ತಾಗುವುದಿಲ್ಲ. ತಮ್ಮ ಫೋನೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಆ ಮೂರು ಮಾತುಗಳಿಗೆ ಉತ್ತರ

"ವೈರಸ್ ಹೊಕ್ಕಿದೆ": ಒಂದೆರಡು ವೆಬ್‌ಸೈಟ್ ಮಾತ್ರ ಬೆಳ್ಳಗಾಗಿ ಉಳಿದವು ಸರಿಯಿದ್ದರೆ ವೈರಸ್ ಇರುವ ಸಂಭವ ಕಡಿಮೆ. ಇದೊಂದೇ ಕಾರಣಕ್ಕೆ ಫೋಟೋ, ನಂಬರ್ ಎಲ್ಲ ಅಳಿಸಿ ರೀಸೆಟ್ ಮಾಡಬೇಡಿ. ರೀಸೆಟ್ ಮಾಡಿದರೂ ಹಳೆ ಪಾರ್ಸರ್ ಹೊಸ ವ್ಯಾಕರಣ ಕಲಿಯುವುದಿಲ್ಲ.

"ಕಂಪನಿ ಬೇಕೆಂದೇ ಕೆಡಿಸುತ್ತದೆ": ಇಲ್ಲಿ ಯಾರೂ ನಿಮ್ಮ ಫೋನಿನೊಳಗೆ ಏನನ್ನೂ ಬದಲಿಸಿಲ್ಲ. ಫೋನ್ ಅಲ್ಲೇ ನಿಂತಿದೆ, ವೆಬ್‌ಸೈಟ್ ಮುಂದೆ ಹೋಗಿದೆ. ಆದರೆ ಫೋನ್ ತಯಾರಕರು ಅಪ್‌ಡೇಟ್ ಬೇಗ ನಿಲ್ಲಿಸುವುದು, ವೆಬ್‌ಸೈಟಿನವರು ಹಳೆ ಫೋನಿನಲ್ಲಿ ಪರೀಕ್ಷಿಸದಿರುವುದು ನಿಜವಾದ ದೂರುಗಳೇ. ಅವನ್ನು ಕೇಳುವ ಹಕ್ಕು ನಮಗಿದೆ.

"ಈ ಲಿಂಕ್ ಒತ್ತಿ ಹೊಸ ಬ್ರೌಸರ್ ಹಾಕಿ": ದಯವಿಟ್ಟು ಬೇಡ. ಬ್ರೌಸರ್ ಅಪ್‌ಡೇಟ್ ಎಂಬ ಹೆಸರಿನಲ್ಲಿ ದುಷ್ಟ ತಂತ್ರಾಂಶ ಹಾಕಿಸುವುದು ವಂಚಕರ ಹಳೆಯ ವರಸೆ. ಹಳೆ ಬ್ರೌಸರ್‌ಗಳಿಗೆ ನೆರವಾಗುವ ಒಳ್ಳೆಯ ಕೆಲಸವೂ ದಾರಿ ತಪ್ಪಿದ ಉದಾಹರಣೆ ಇದೆ. ಹಳೆ ಬ್ರೌಸರಿನಲ್ಲಿ ಇಲ್ಲದ ಸೌಲಭ್ಯಗಳನ್ನು ತುಂಬಿಕೊಡುವ 'ಪಾಲಿಫಿಲ್ ಡಾಟ್ ಐಓ' ಎಂಬ ಸೇವೆಯನ್ನು ಲಕ್ಷಕ್ಕೂ ಹೆಚ್ಚು ವೆಬ್‌ಸೈಟುಗಳು ಬಳಸುತ್ತಿದ್ದವು. 2024ರ ಫೆಬ್ರವರಿಯಲ್ಲಿ ಅದು ಕೈ ಬದಲಾಯಿತು. ಜೂನ್ ಹೊತ್ತಿಗೆ ಅದರ ಮೂಲಕ ದುಷ್ಟ ಕೋಡ್ ಹರಿದು, ಕೆಲವು ಮೊಬೈಲ್ ಬಳಕೆದಾರರು ಬೆಟ್ಟಿಂಗ್ ಪುಟಗಳಿಗೆ ಹೋಗಿ ಬೀಳುತ್ತಿರುವುದು ಪತ್ತೆಯಾಯಿತು. ಪರಿಣತರು ನಂಬಿದ್ದ ಸೇವೆಗೇ ಹೀಗಾಯಿತೆಂದರೆ, ಯಾರೋ ಫಾರ್ವರ್ಡ್ ಮಾಡಿದ ಲಿಂಕನ್ನು ಹೇಗೆ ನಂಬುವುದು?

ನೀವು ಏನು ಮಾಡಬಹುದು?

• ಪ್ಲೇ ಸ್ಟೋರಿಗೆ ಹೋಗಿ ಕ್ರೋಮ್ ಮತ್ತು 'ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ' ಎರಡನ್ನೂ ಅಪ್‌ಡೇಟ್ ಮಾಡಿ. ಜಾಗ ಉಳಿಸಲೆಂದು ಅಪ್‌ಡೇಟ್ ನಿಲ್ಲಿಸಿಟ್ಟಿದ್ದರೆ ಎಷ್ಟೋ ಸಲ ಇಷ್ಟರಲ್ಲೇ ಪರಿಹಾರವಾಗುತ್ತದೆ.
• ಲಿಂಕ್ ಬೇರೆ ಆ್ಯಪಿನ ಒಳಗೇ ತೆರೆದುಕೊಂಡಿದ್ದರೆ ಅದನ್ನು ನಕಲು ಮಾಡಿ ಕ್ರೋಮಿನಲ್ಲಿ ತೆರೆದು ನೋಡಿ. ಆಂಡ್ರಾಯ್ಡಿನಲ್ಲಿ ಫೈರ್‌ಫಾಕ್ಸ್‌ಗೆ ತನ್ನದೇ ಎಂಜಿನ್ ಇದೆ. ಪ್ಲೇ ಸ್ಟೋರಿನಲ್ಲಿ ನಿಮ್ಮ ಫೋನಿಗೆ ಸಿಕ್ಕರೆ ಅದನ್ನೂ ಪ್ರಯತ್ನಿಸಬಹುದು.
• ಬಿಳಿ ಪರದೆಯ ಬದಲು "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಎಂಬ ಎಚ್ಚರಿಕೆ ಬಂದರೆ ಸಮಸ್ಯೆ ಬೇರೆ. ಮೊದಲು ಫೋನಿನ ದಿನಾಂಕ, ಸಮಯ ಸರಿಯಿದೆಯೇ ನೋಡಿ. ಎಚ್ಚರಿಕೆ ದಾಟಿ ಹೋಗಿ ಪಾಸ್‌ವರ್ಡ್ ಕೊಡಬೇಡಿ.
• ವೆಬ್‌ಸೈಟಿನ ಸಹಾಯವಾಣಿಗೆ ದೂರು ಕೊಡುವಾಗ "ತೆರೆಯುತ್ತಿಲ್ಲ" ಎಂದಷ್ಟೇ ಹೇಳಬೇಡಿ. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಕ್ರೋಮ್ ಆವೃತ್ತಿ, ಸ್ಕ್ರೀನ್‌ಶಾಟ್ ಈ ನಾಲ್ಕನ್ನೂ ಕೊಡಿ. ತಪ್ಪು ಎಲ್ಲಿದೆ ಎಂದು ಹುಡುಕಲು ಅವರಿಗೆ ಇಷ್ಟು ಸಾಕು.
• ಅಪ್‌ಡೇಟ್ ಸಂಪೂರ್ಣ ನಿಂತುಹೋದ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ. ಹೊಸ ವ್ಯಾಕರಣದ ಜೊತೆಗೆ ಭದ್ರತೆಯ ತೇಪೆಗಳೂ ಅದಕ್ಕೆ ಬರುತ್ತಿರುವುದಿಲ್ಲ.

ನಮ್ಮ ಓದುಗರಲ್ಲಿ ವೆಬ್‌ಸೈಟ್ ಕಟ್ಟುವವರೂ ಇದ್ದೀರಿ. ನಿಮ್ಮಲ್ಲಿ ನಮ್ಮದೊಂದು ವಿನಂತಿ. ಯಾವ ವರ್ಷದ ವ್ಯಾಕರಣಕ್ಕೆ ನಿಲ್ಲಬೇಕು ಎಂದು ತೀರ್ಮಾನಿಸುವ ಮೊದಲು, ನಿಮ್ಮ ಪುಟಕ್ಕೆ ಯಾರ ಯಾರ ಫೋನು ಬರುತ್ತಿದೆ ಎಂದು ಒಮ್ಮೆ ನೋಡಿ. ಜಾವಾಸ್ಕ್ರಿಪ್ಟ್ ನಡೆಯದಿದ್ದರೂ ಕಾಣುವಂತೆ ಎಚ್‌ಟಿಎಂಎಲ್‌ನಲ್ಲೇ ಎರಡು ಸಾಲು ಬರೆದಿಡಿ: "ನಿಮ್ಮ ಬ್ರೌಸರ್ ಹಳೆಯದಾಗಿರಬಹುದು, ಪುಟ ತೆರೆಯದಿದ್ದರೆ ಈ ಸಂಖ್ಯೆಗೆ ಕರೆ ಮಾಡಿ." ಆ ಎರಡು ಸಾಲು ಇದ್ದಿದ್ದರೆ ನಮ್ಮ ಗೆಳೆಯರ ತಾಯಿ ಎರಡು ದಿನ ನೆಟ್‌ವರ್ಕ್ ದೂರುತ್ತ ಕೂರಬೇಕಿರಲಿಲ್ಲ.